ಹಳೆ ಪಿಕಪ್‌ಗೆ ಸ್ಟ್ರೋಕರ್ ಎಂಜಿನ್: ನಮ್ಮ ಗ್ಯಾರೇಜಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ ರಿಂಗ್ ರೋಡಿನ ನಮ್ಮ ಗ್ಯಾರೇಜಿನ ಮೂಲೆಯಲ್ಲಿ ಒಂದೂವರೆ ವರ್ಷ ಒಂದು ಹಳೆಯ ಷೆವರ್ಲೆ ಪಿಕಪ್ ನಿಂತಿತ್ತು. ಸೇಡಂ ಕಡೆಯ ಸಾಹುಕಾರರೊಬ್ಬರ ಅಜ್ಜನ ಕಾಲದ್ದು. ತೊಗರಿ ಚೀಲ ಹೊತ್ತು ಹೊತ್ತು ಸೋತು, ಹೊಲದ ಮನೆಯ ಬೇವಿನ ಗಿಡದ ಕೆಳಗೆ ಕೋಳಿಗಳಿಗೆ ಮನೆಯಾಗಿ ಕೂತಿದ್ದ ಗಾಡಿ. ಅದರ ಆರು ಸಿಲಿಂಡರಿನ ಹಳೆಯ ಎಂಜಿನ್ ತೆಗೆದು, 383 ಸ್ಟ್ರೋಕರ್ ಎಂಜಿನ್ ಕೂಡಿಸಿದೆವು. ಆ ಗಾಡಿ ನೋಡಲು ಬಂದವರೆಲ್ಲ ಕೇಳಿದ್ದು ಅವೇ ಹದಿನೈದು ಇಪ್ಪತ್ತು ಪ್ರಶ್ನೆ. ಚಹಾ ಕುಡಿಸಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳನ್ನು ಜನ ಕೇಳಿದ ಹಾಗೆಯೇ ಬಿಟ್ಟಿದ್ದೇನೆ.

ಸ್ಟ್ರೋಕರ್ ಅಂದ್ರ ಏನ್ರಿ? ಬೋರ್ ಮಾಡ್ಸೋದೇ ಅಲ್ಲೇನು?

ಅಲ್ಲ. ಬೋರ್ ಅಂದರೆ ಸಿಲಿಂಡರಿನ ಅಗಲ. ಸ್ಟ್ರೋಕ್ ಅಂದರೆ ಪಿಸ್ಟನ್ ಮೇಲಿಂದ ಕೆಳಗೆ ಓಡಾಡುವ ದೂರ. ಬುಲೆಟ್ ಗಾಡಿ ಎಲ್ಲರಿಗೂ ಗೊತ್ತು, ಅದರಿಂದಲೇ ಹೇಳುತ್ತೇನೆ. ಹಳೆಯ ಬುಲೆಟ್ 350ರ ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಬುಲೆಟ್ 500ರದ್ದು ಬೋರ್ 84, ಸ್ಟ್ರೋಕ್ ಅದೇ 90. ಅಲ್ಲಿ ಸಿಸಿ ಏರಿದ್ದು ಬರೀ ಅಗಲದಿಂದ. ಅದು ಸ್ಟ್ರೋಕರ್ ಅಲ್ಲ.

ಸ್ಟ್ರೋಕರಿನಲ್ಲಿ ಬದಲಾಗುವುದು ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಸುತ್ತಾಗಿ ಮಾಡುವ ಶಾಫ್ಟು. ಪಿಸ್ಟನ್ನನ್ನು ಅದಕ್ಕೆ ಸೇರಿಸುವುದು ರಾಡ್, ಬೇರಿಂಗಿನೊಳಗೆ ಕೂರುವ ಅದರ ಗುಂಡು ಭಾಗ ಜರ್ನಲ್. ಕ್ರ್ಯಾಂಕಿನ ಮಧ್ಯದಿಂದ ರಾಡ್ ಹಿಡಿಯುವ ಜರ್ನಲ್ ಎಷ್ಟು ದೂರ ಇರುತ್ತದೋ ಅದರ ಎರಡು ಪಟ್ಟು ಸ್ಟ್ರೋಕ್. ಬಾವಿಯ ರಾಟೆಯ ಹಿಡಿಕೆ ಉದ್ದ ಮಾಡಿದರೆ ಕೈ ದೊಡ್ಡ ಸುತ್ತು ಹೊಡೆಯುತ್ತದೆ, ಆದರೆ ತಿರುಗಿಸುವುದು ಹಗುರಾಗುತ್ತದೆ. ಹಾಗೆಯೇ ಇದು. ಅದಕ್ಕೇ ಸ್ಟ್ರೋಕರ್ ಎಂಜಿನ್ನಿನ ಜೋರು ಕೆಳಗಿನ ಆರ್‌ಪಿಎಂನಲ್ಲೇ ಕಾಣುತ್ತದೆ. ಭಾರ ಎಳೆಯುವ ಪಿಕಪ್‌ಗೆ ಬೇಕಾದದ್ದೂ ಅದೇ.

383 ಅಂದ್ರ ಯಾವ ಲೆಕ್ಕದ ನಂಬರ್?

ಘನ ಇಂಚು. ಬೋರನ್ನು ಬೋರಿನಿಂದ ಗುಣಿಸಿ, 0.7854ರಿಂದ ಗುಣಿಸಿ, ಸ್ಟ್ರೋಕಿನಿಂದ ಗುಣಿಸಿ, ಕೊನೆಗೆ ಎಷ್ಟು ಸಿಲಿಂಡರ್ ಇವೆಯೋ ಅಷ್ಟರಿಂದ ಗುಣಿಸಿ. ಷೆವರ್ಲೆಯ 350 ವಿ-8 ಎಂಜಿನ್ನಿನ ಬೋರ್ 4 ಇಂಚು, ಸ್ಟ್ರೋಕ್ 3.48 ಇಂಚು. ಲೆಕ್ಕ ಹಾಕಿದರೆ ಸುಮಾರು 5733 ಸಿಸಿ. ಅದೇ ಕಂಪನಿಯ ಇನ್ನೊಂದು ವಿ-8, 400, ಅದರ ಸ್ಟ್ರೋಕ್ 3.75 ಇಂಚು. ಅಮೆರಿಕದ ಹಳೆಯ ಮಿಸ್ತ್ರಿಗಳು ಕಂಡುಕೊಂಡದ್ದು ಇಷ್ಟೇ: 400ರ ಕ್ರ್ಯಾಂಕಿನ ಮೇನ್ ಜರ್ನಲ್ 2.65 ಇಂಚು ಇರುತ್ತದೆ, ಅದನ್ನು ಲೇತಿನಲ್ಲಿ 2.45ಕ್ಕೆ ತಿರುವಿಸಿದರೆ 350ರ ಬ್ಲಾಕಿನಲ್ಲಿ, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲಿನಲ್ಲಿ, ಕೂರುತ್ತದೆ. ಬ್ಲಾಕನ್ನು ಹೇಗೂ ಮೂವತ್ತು ಥೌ (ಒಂದು ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಓವರ್‌ಸೈಜ್ ಬೋರ್ ಮಾಡಬೇಕಲ್ಲ, ಬೋರ್ 4.030 ಆಯಿತು. ಒಟ್ಟು 383, ಸುಮಾರು 6270 ಸಿಸಿ. ಏರಿದ ಐನೂರ ಚಿಲ್ಲರೆ ಸಿಸಿಯಲ್ಲಿ 445ರಷ್ಟು ಸ್ಟ್ರೋಕಿನದು, ಬೋರಿನದು ನೂರಕ್ಕೂ ಕಡಿಮೆ.

ಈಗ ಯಾರೂ 400ರ ಕ್ರ್ಯಾಂಕ್ ಹುಡುಕಿ ತಿರುವಿಸುವುದಿಲ್ಲ. 350ರ ಜರ್ನಲ್ಲಿಗೇ ಹೊಂದುವ 3.75 ಇಂಚಿನ ಹೊಸ ಕ್ರ್ಯಾಂಕ್, ರಾಡ್, ಪಿಸ್ಟನ್ ಎಲ್ಲ ಒಂದೇ ಡಬ್ಬಿಯಲ್ಲಿ ಬರುತ್ತವೆ.

ಇದನ್ನ ರೋಡಿನ ಮ್ಯಾಲ ಓಡಿಸಬಹುದೇನ್ರಿ? ಆರ್‌ಟಿಓದವ್ರು ಬಿಡ್ತಾರ?

ಈ ಪ್ರಶ್ನೆಯನ್ನು ಜನ ಎಂಜಿನ್ ಕೂಡಿಸಿದ ಮೇಲೆ ಕೇಳುತ್ತಾರೆ. ಮೊದಲೇ ಕೇಳಿರಿ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೊದಲು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿಯೇ ಹೇಳಿದೆ. ಸಿಸಿ ಆರ್‌ಸಿಯಲ್ಲಿ ಇರುವ ವಿವರ. ಹಳೆ ಎಂಜಿನ್ ಹೋಯಿತೆಂದು ಅದೇ ಮಾದರಿಯ ಎಂಜಿನ್ ಅನುಮತಿ ಪಡೆದು ಹಾಕುವುದು ಬೇರೆ, ಆರು ಸಿಲಿಂಡರ್ ತೆಗೆದು ಎಂಟು ಸಿಲಿಂಡರಿನದು ಹಾಕುವುದು ಬೇರೆ. 182ಎ ಕಲಮಿನಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಇವೆ. ಗಾಡಿ ಕೆಎ-32 ಇರಲಿ, ಬೀದರಿನ ಕೆಎ-38 ಇರಲಿ, ಯಾದಗಿರಿಯ ಕೆಎ-33 ಇರಲಿ, ಕಾನೂನು ಒಂದೇ.

ಇನ್ನೊಂದು ಮಾತು. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಅಂತ ಬಂದಿದೆ, ನಂಬರಿನಲ್ಲಿ 'ವಿಎ' ಅಕ್ಷರ ಇರುತ್ತದೆ, ಮೊದಲ ನೋಂದಣಿಗೆ 20,000 ರೂಪಾಯಿ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಸ್ಟ್ರೋಕರ್ ಹಾಕಿದ ದಿನ ಆ ಬಾಗಿಲೂ ಮುಚ್ಚಿತು.

ನಮ್ಮ ಸಾಹುಕಾರರ ಗಾಡಿ ಓಡುವುದು ಅವರ ಸ್ವಂತ ಹೊಲದ ದಾರಿಯಲ್ಲಿ ಮಾತ್ರ. ಕಲಬುರಗಿಯಿಂದ ಸೇಡಮ್ಮಿಗೆ ಅದು ಹೋದದ್ದೂ ಲಾರಿ ಏರಿಯೇ. ಹಳೆಯ ಎಂಜಿನ್ ಮಾರಲಿಕ್ಕೆ ನಾನು ಬಿಡಲಿಲ್ಲ. ಎಣ್ಣೆ ಬಟ್ಟೆ ಸುತ್ತಿ ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಮೊಮ್ಮಕ್ಕಳು ನಾಳೆ ವಿಂಟೇಜ್ ಮಾಡಿಸುತ್ತೇವೆ ಅಂದರೆ ಅದು ಬೇಕಾಗುತ್ತದೆ. ಅದಕ್ಕಾಗಿ ಚಾಸಿಯನ್ನು ಎಲ್ಲೂ ಕತ್ತರಿಸದೆ, ಬೋಲ್ಟ್ ಹಾಕುವ ಮೌಂಟಿಂಗನ್ನೇ ಮಾಡಿದೆವು.

ಅಜ್ಜನ ಎಂಜಿನ್ನನ್ನೇ ಸ್ಟ್ರೋಕರ್ ಮಾಡಬೇಕಾಗಿತ್ತಲ್ಲ?

ಸಾಹುಕಾರರ ತಾಯಿಯವರೂ ಇದನ್ನೇ ಕೇಳಿದರು. ಒಳ್ಳೆಯ ಪ್ರಶ್ನೆ.

1928ರಿಂದ 1954ರವರೆಗೆ ಜನರಲ್ ಮೋಟರ್ಸ್‌ನವರು ಮುಂಬೈಯ ಸೆವ್ರಿಯಲ್ಲಿ ಗಾಡಿ ಜೋಡಿಸುತ್ತಿದ್ದರು. ನಮ್ಮ ಕಡೆ ನಿಜಾಮರ ಕಾಲದಿಂದ ಉಳಿದ ಷೆವರ್ಲೆಗಳಲ್ಲಿ ಇರುವುದು ಸಾಮಾನ್ಯವಾಗಿ 216 ಘನ ಇಂಚಿನ ಸಾಲು ಆರು ಸಿಲಿಂಡರಿನ ಎಂಜಿನ್. ಬೋರ್ ಮೂರೂವರೆ ಇಂಚು. ಸ್ಟ್ರೋಕ್ ಎಷ್ಟು ಗೊತ್ತೇನು? ಅದೂ 3.75 ಇಂಚೇ! 383 ಮಾಡಲಿಕ್ಕೆ ನಾವು ಸಮುದ್ರದಾಚೆಯಿಂದ ತರಿಸಿದ ಸ್ಟ್ರೋಕ್ ಅಜ್ಜನ ಎಂಜಿನ್ನಿನಲ್ಲಿ ಮೊದಲಿಂದಲೂ ಇತ್ತು.

ಆದರೆ 216ರ ರಾಡ್ ಬೇರಿಂಗುಗಳು ಬ್ಯಾಬಿಟ್ ಅನ್ನುವ ಮೆತ್ತನೆಯ ಲೋಹ ಎರಕ ಹೊಯ್ದಂಥವು, ಈಗಿನ ಹಾಗೆ ತೆಗೆದು ಹಾಕುವ ಶೆಲ್ ಅಲ್ಲ. ರಾಡಿನ ಕೆಳಗೆ ಚಮಚದಂಥ ತುದಿ ಇದ್ದು ಅದು ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ, ಪಂಪಿನ ಒತ್ತಡ ಅಲ್ಲಿಗೆ ಸಿಗುವುದಿಲ್ಲ. ಅಂಥದ್ದಕ್ಕೆ ಹೆಚ್ಚು ಆರ್‌ಪಿಎಂ ಕೊಟ್ಟರೆ ಉಳಿಯುವುದಿಲ್ಲ. ಹಳೆಯ ಎಂಜಿನ್ನಿನ ಮೇಲೆ ಪ್ರೀತಿ ಇದ್ದವರಿಗೆ ಒಂದು ದಾರಿ ಇದೆ: ಅದೇ ಕಂಪನಿಯ 235. ಬೋರ್ ಒಂದಿಷ್ಟು, ಸ್ಟ್ರೋಕ್ ಒಂದಿಷ್ಟು ದೊಡ್ಡದು, ಕಾರ್ಖಾನೆಯೇ ಮಾಡಿದ ಸ್ಟ್ರೋಕರ್ ಅಂದುಕೊಳ್ಳಿ. 1954ರಿಂದ ಟ್ರಕ್ಕುಗಳಲ್ಲಿ ಬಂದ 235ಕ್ಕೆ ರಾಡಿನವರೆಗೂ ಒತ್ತಡದ ಎಣ್ಣೆ ಸಿಗುತ್ತದೆ. ನನ್ನ ಮನಸ್ಸಿಗೆ ಕೇಳಿದರೆ ಅದೇ ಚೆಂದ ಇತ್ತು. ಗಾಡಿ ನನ್ನದಲ್ಲ.

ನಂದು ಜೀಪ್ ಅದ ರೀ, ಅದಕ್ಕ ಮಾಡಿ ಕೊಡ್ತೀರೇನು?

ಇಲ್ಲ. ವಿಲ್ಲಿಸ್ ಮೂಲದ ಪೆಟ್ರೋಲ್ ಜೀಪಿನ ಹರಿಕೇನ್ ಎಂಜಿನ್ನಿಗೆ ಬೋರ್ 79.4, ಸ್ಟ್ರೋಕ್ 111 ಮಿ.ಮೀ. ಅದು ಮೊದಲೇ ಉದ್ದ ಕಾಲಿನ ಎಂಜಿನ್. ಇನ್ನೂ ಉದ್ದ ಮಾಡಿದರೆ ಪಿಸ್ಟನ್ ಗೋಡೆಗೆ ಉಜ್ಜುವುದಷ್ಟೇ ಹೆಚ್ಚಾಗುತ್ತದೆ. 2523 ಸಿಸಿಯ ಡಿಐ ಡೀಸೆಲ್ ಇದ್ದರೆ ಸ್ಟ್ರೋಕಿನ ಮಾತೇ ಬೇಡ. ನಾಝಲ್, ಪಂಪ್, ಕಂಪ್ರೆಶನ್ ಸರಿ ಮಾಡಿಸಿಕೊಳ್ಳಿ, ಅರ್ಧ ಜೀವ ಅಲ್ಲೇ ವಾಪಸ್ ಬರುತ್ತದೆ.

ಕ್ರ್ಯಾಂಕ್ ದೊಡ್ಡದಾದ್ರ ಪಿಸ್ಟನ್ ಹೆಡ್ಡಿಗೆ ಹೊಡೀತದಲ್ಲ?

ಹೆಡ್ ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳ. ಹೊಡೆಯುತ್ತದೆ, ಅದಕ್ಕೇ ಪಿಸ್ಟನ್ ಬದಲಾಗಬೇಕು. ಇಲ್ಲಿ ಕೂಡುವ ಲೆಕ್ಕ ಒಂದೇ, ಅದನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆ. ಸ್ಟ್ರೋಕಿನ ಅರ್ಧ, ರಾಡಿನ ಉದ್ದ, ಪಿಸ್ಟನ್ನಿನ ಪಿನ್ನಿನಿಂದ ತಲೆಯವರೆಗಿನ ಎತ್ತರ, ಈ ಮೂರೂ ಕೂಡಿ ಬ್ಲಾಕಿನ ಎತ್ತರದೊಳಗೆ ಇರಬೇಕು. ಬ್ಲಾಕಿನ ಎತ್ತರ 9.025 ಇಂಚು.

ಮೂಲ 350: 1.74 ಕೂಡಿಸು 5.7 ಕೂಡಿಸು 1.56, ಒಟ್ಟು 9.00. ಸರಿ.
383, ಅದೇ ರಾಡ್: 1.875 ಕೂಡಿಸು 5.7 ಕೂಡಿಸು 1.425, ಒಟ್ಟು 9.00.
383, ಉದ್ದ ರಾಡ್: 1.875 ಕೂಡಿಸು 6.0 ಕೂಡಿಸು 1.125, ಅದೂ 9.00.

ಅಂದರೆ ಕ್ರ್ಯಾಂಕ್ ತಿಂದ ಜಾಗವನ್ನು ಪಿಸ್ಟನ್ ಬಿಟ್ಟುಕೊಡುತ್ತದೆ. ವಿಡಿಯೋ ನೋಡಿ ಬಂದ ಹುಡುಗರು ಆರು ಇಂಚಿನ ರಾಡೇ ಬೇಕು ಅನ್ನುತ್ತಾರೆ. ರಾಡ್ ಉದ್ದವಾದಷ್ಟೂ ಅದು ನೆಟ್ಟಗೆ ನಿಂತು ಪಿಸ್ಟನ್ನನ್ನು ಗೋಡೆಗೆ ಕಡಿಮೆ ಒತ್ತುತ್ತದೆ, ಅದು ಖರೆ. ರಾಡಿಗೂ ಸ್ಟ್ರೋಕಿಗೂ ಇರುವ ಅನುಪಾತ 350ರಲ್ಲಿ 1.64, 5.7 ರಾಡಿನ 383ರಲ್ಲಿ 1.52, ಆರು ಇಂಚಿನದರಲ್ಲಿ 1.60. ಆದರೆ 1.125ರ ಪಿಸ್ಟನ್ನಿನಲ್ಲಿ ಪಿನ್ನಿನ ತೂತು ಎಣ್ಣೆ ರಿಂಗ್ ಕೂರುವ ಕಚ್ಚಿನೊಳಗೆ ಬಂದುಬಿಡುತ್ತದೆ, ಅದಕ್ಕೆ ಬೇರೆ ಪಟ್ಟಿ ಕೊಡಬೇಕು. ಐದು ಸಾವಿರ ಆರ್‌ಪಿಎಂ ದಾಟದ ಹೊಲದ ಪಿಕಪ್‌ಗೆ ಅಷ್ಟೆಲ್ಲ ಯಾಕೆ? ನಾವು 5.7ರಲ್ಲೇ ಉಳಿದೆವು.

ಬ್ಲಾಕ್ ಕೆತ್ತಬೇಕು ಅಂತಾರ, ಖರೇನಾ?

ಖರೆ. ಸ್ಟ್ರೋಕರ್ ಕೆಲಸ ಅಂದರೆ ಅಸಲಿಗೆ ಇದೇ. ಜರ್ನಲ್ ಮೂರೂವರೆ ಮಿ.ಮೀ. ಹೊರಗೆ ಹೋಗಿದೆ, ಹಾಗಾಗಿ ರಾಡಿನ ಬೋಲ್ಟುಗಳು ಎಣ್ಣೆ ಚೇಂಬರ್ ಕೂರುವ ಅಂಚಿಗೆ ತಾಕುತ್ತವೆ. ಇನ್ನೊಂದು ಕಡೆ ವಾಲ್ವ್ ಎತ್ತುವ ಕ್ಯಾಮ್ ಶಾಫ್ಟಿನ ಲೋಬಿಗೂ (ಉಬ್ಬಿಗೂ) ಹತ್ತಿರ ಬರುತ್ತವೆ.

ಪದ್ಧತಿ ಹೀಗೆ. ರಿಂಗ್ ಹಾಕದ ಪಿಸ್ಟನ್, ರಾಡ್, ಹಳೆಯ ಬೇರಿಂಗ್ ಹಾಕಿ ಒಂದು ಸಿಲಿಂಡರ್ ಜೋಡಿಸಿ. ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ನಮ್ಮಲ್ಲಿ ಎರಡನೇ ಸಿಲಿಂಡರಿನ ಹತ್ತಿರ 'ಟಿಕ್' ಅಂತ ಒಂದು ಸಣ್ಣ ಸದ್ದು ಬಂತು, ಬಳೆ ಪಾತ್ರೆಗೆ ತಾಕಿದ ಹಾಗೆ. ಅಷ್ಟೇ. ಆ ಟಿಕ್ ಐದು ಸಾವಿರ ಆರ್‌ಪಿಎಂನಲ್ಲಿ ಬಂದಿದ್ದರೆ ರಾಡ್ ಬ್ಲಾಕ್ ಒಡೆದು ಹೊರಗೆ ಬಂದು ನಮಸ್ಕಾರ ಹೇಳುತ್ತಿತ್ತು. ತಾಕಿದಲ್ಲಿ ಗುರುತು ಹಾಕಿ, ಕ್ರ್ಯಾಂಕ್ ತೆಗೆದು, ಸಣ್ಣ ಗ್ರೈಂಡರಿನಲ್ಲಿ ಸವೆಸಿ, ಮತ್ತೆ ಕೂಡಿಸಿ ನೋಡಬೇಕು. 60 ಥೌ, ಅಂದರೆ ಒಂದೂವರೆ ಮಿ.ಮೀ. ಸಂದು ಎಲ್ಲ ಕಡೆ ಇರಬೇಕು. ಒಮ್ಮೆಲೇ ಕೆತ್ತಬೇಡಿ, ಆ ಅಂಚಿನ ಹಿಂದೆಯೇ ನೀರಿನ ಜಾಕೆಟ್ ಇದೆ. ಎಂಟೂ ಸಿಲಿಂಡರಿಗೆ ಹೀಗೆ ಹಾಕಿ ತೆಗೆದು ಮಾಡುವಷ್ಟರಲ್ಲಿ ನಮಗೆ ಹನ್ನೊಂದು ದಿನ ಹೋಯಿತು.

ಕ್ಯಾಮ್ ಲೋಬಿಗೆ 50 ಥೌ ಸಿಗದಿದ್ದರೆ ಸಣ್ಣ ಬೇಸ್ ಸರ್ಕಲ್ಲಿನ, ಅಂದರೆ ಲೋಬಿನ ಬುಡ ಸಣ್ಣದಿರುವ ಕ್ಯಾಮ್ ಸಿಗುತ್ತದೆ, ಅದನ್ನೇ ತರಿಸಿ.

ವಾಲ್ವಿಗೂ ಪಿಸ್ಟನ್ನಿಗೂ ನಡುವೆ ಎಷ್ಟು ಸಂದು ಇದೆ ಅಂತ ನೋಡಲು ಪಿಸ್ಟನ್ ತಲೆಯ ಮೇಲೆ ಮಕ್ಕಳು ಆಡುವ ಬಣ್ಣದ ಕ್ಲೇ ಇಟ್ಟು, ಹೆಡ್ ಬಿಗಿದು ಎರಡು ಸುತ್ತು ತಿರುಗಿಸಿ, ಬಿಚ್ಚಿ, ಕ್ಲೇ ಕತ್ತರಿಸಿ ಅಳೆಯುತ್ತೇವೆ. ಇನ್‌ಲೆಟ್ಟಿಗೆ 80 ಥೌ, ಎಕ್ಸಾಸ್ಟಿಗೆ 100 ಥೌ ಬೇಕು. ನಮ್ಮ ಹುಡುಗ, "ಅಣ್ಣಾ, ರೊಟ್ಟಿ ಹಿಟ್ಟು ಇಟ್ರ ನಡೀತದೇನು?" ಅಂದ. ಜೋಳದ ಹಿಟ್ಟು ಬಿರಿಯುತ್ತದಪ್ಪ, ಗೋಧಿ ಹಿಟ್ಟು ಒತ್ತಿದರೆ ಮತ್ತೆ ಉಬ್ಬುತ್ತದೆ.

ಲೇತ್ ಕೆಲಸ ಕಲಬುರಗ್ಯಾಗ ಆಗ್ತದಾ?

ಬೋರಿಂಗ್ ಆಗುತ್ತದೆ. ಟ್ರ್ಯಾಕ್ಟರ್, ಲಾರಿ ಬೋರ್ ಮಾಡುವ ಕೈ ಇಲ್ಲಿ ಚೆನ್ನಾಗಿ ಪಳಗಿದೆ. ಹೋನಿಂಗ್ ಮಾಡುವಾಗ, ಅಂದರೆ ಸಿಲಿಂಡರಿನ ಗೋಡೆ ಉಜ್ಜಿ ಕೊನೆಯ ಅಳತೆಗೆ ತರುವಾಗ, ಹೆಡ್ಡಿನ ಬದಲು ದಪ್ಪನೆಯ ಉಕ್ಕಿನ ಪ್ಲೇಟ್ ಬಿಗಿದು ಮಾಡಿ ಅಂತ ಹೇಳಬೇಕು. ಬೋಲ್ಟ್ ಬಿಗಿದಾಗ ಸಿಲಿಂಡರ್ ಒಂದಿಷ್ಟು ಸೊಟ್ಟಗಾಗುತ್ತದೆ, ಆ ಸೊಟ್ಟದಲ್ಲೇ ಗುಂಡಗೆ ಮಾಡಬೇಕು. ಪ್ಲೇಟ್ ನಾವೇ ಮಾಡಿಸಿಕೊಟ್ಟೆವು.

ಕ್ರ್ಯಾಂಕ್ ವಿಷಯದಲ್ಲಿ ನಾನು ಸುಟ್ಟುಕೊಂಡಿದ್ದೇನೆ. ಮೊದಲು ಒಂದು ಹಳೆಯ 400ರ ಕ್ರ್ಯಾಂಕ್ ಸಿಕ್ಕಿತ್ತು, ದುಡ್ಡು ಉಳಿಯುತ್ತದೆಂದು ತಿರುವಿಸಲು ಒಂದು ಕಡೆ ಕೊಟ್ಟೆ. ಅಳತೆ ಬಂಗಾರದಂತೆ ಬಂದಿತ್ತು, ಆದರೆ ಜರ್ನಲ್ಲಿನ ಮೂಲೆ ಚೌಕ! ಅಲ್ಲಿ ಸಣ್ಣ ಗುಂಡು ತಿರುವು ಇರಬೇಕು. ಚೂಪು ಮೂಲೆ ಇದ್ದರೆ ಬಿರುಕು ಹುಟ್ಟುವುದೇ ಅಲ್ಲಿಂದ. ಆ ಕ್ರ್ಯಾಂಕ್ ಈಗ ಗ್ಯಾರೇಜಿನ ಬಾಗಿಲು ಗಾಳಿಗೆ ಬಡಿಯದಂತೆ ತಡೆಯುತ್ತಿದೆ. ಆಮೇಲೆ ಹೊಸ ಕಿಟ್ಟೇ ತರಿಸಿದೆ.

ಕ್ರ್ಯಾಂಕ್ ನಡುಗದೆ ತಿರುಗುವಂತೆ ಭಾರ ಸಮ ಮಾಡುವ ಬ್ಯಾಲೆನ್ಸಿಂಗ್‌ಗೆ ಹೈದರಾಬಾದಿಗೆ ಹೋದೆವು. ಇಲ್ಲಿ ಒಂದು ಎಚ್ಚರಿಕೆ: ಹಳೆಯ 350 ಒಳಗೇ ಬ್ಯಾಲೆನ್ಸ್ ಆಗಿರುತ್ತದೆ, 400ರದ್ದು ಹೊರಗಿನ ಡ್ಯಾಂಪರ್ ಮತ್ತು ಫ್ಲೈವೀಲಿನ ಭಾರ ಸೇರಿಸಿ ಆಗಿರುತ್ತದೆ. ನಿಮ್ಮ ಕಿಟ್ ಯಾವ ಜಾತಿಯದ್ದೋ ಅದಕ್ಕೇ ಹೊಂದುವ ಡ್ಯಾಂಪರ್, ಫ್ಲೈವೀಲ್ ಇರಬೇಕು. ಬ್ಲಾಕ್ ಕೊಳ್ಳುವಾಗಲೂ ನೋಡಿ, 1986ರಿಂದ ಈಚಿನವುಗಳಿಗೆ ಹಿಂದಿನ ಸೀಲ್ ಒಂದೇ ತುಂಡು, ಅದಕ್ಕೂ ಹಿಂದಿನವಕ್ಕೆ ಎರಡು ತುಂಡು. ಕ್ರ್ಯಾಂಕ್ ಅದರದ್ದು ಇದಕ್ಕೆ ಕೂರುವುದಿಲ್ಲ.

ನಮ್ಮ ಪೆಟ್ರೋಲ್ ನಡೀತದೇನ್ರಿ?

ನಡೆಯುತ್ತದೆ, ಆದರೆ ಅಮೆರಿಕದವರು ಬರೆದದ್ದನ್ನು ಓದಿ ಪಿಸ್ಟನ್ ಆರಿಸಿದರೆ ಮೋಸ ಹೋಗುತ್ತೀರಿ. ಆಕ್ಟೇನ್ ಅಂದರೆ ಪೆಟ್ರೋಲ್ ಒತ್ತಡಕ್ಕೆ ತಾನಾಗಿಯೇ ಹೊತ್ತಿಕೊಳ್ಳದೆ ತಡೆಯುವ ಶಕ್ತಿಯ ಅಳತೆ. ಅವರ ಬಂಕಿನ ಮೇಲೆ ಬರೆದದ್ದು ಎರಡು ಪರೀಕ್ಷೆಗಳ ಸರಾಸರಿ. ನಮ್ಮ ಬಂಕಿನದು ಆರ್‌ಓಎನ್ ಅನ್ನುವ ಒಂದೇ ಪರೀಕ್ಷೆಯದು, ಅದು ಯಾವಾಗಲೂ ಹೆಚ್ಚು ತೋರಿಸುತ್ತದೆ. ಇಪ್ಪತ್ತು ಪರ್ಸೆಂಟ್ ಎಥೆನಾಲ್ ಬರುವ ಮೊದಲು ನಮ್ಮ ಸಾದಾ ಪೆಟ್ರೋಲಿನದು 91 ಇತ್ತು, ಅಂದರೆ ಅವರ ಕಡೆಯ 87 ಇದ್ದ ಹಾಗೆ, ಅವರ ಅತಿ ಸಾಧಾರಣ ಪೆಟ್ರೋಲ್. ಅವರು "91ರಲ್ಲಿ ಆರಾಮಾಗಿ ಓಡುತ್ತದೆ" ಅಂದರೆ ನಮ್ಮ ಲೆಕ್ಕದ 95 ಅಂತ ಓದಿಕೊಳ್ಳಬೇಕು.

ಈಗ ಕಂಪ್ರೆಶನ್ ಲೆಕ್ಕ ನೋಡಿ. ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ: ಹೆಡ್ಡಿನ ಚೇಂಬರ್ 76 ಸಿಸಿ, ಗ್ಯಾಸ್ಕೆಟ್ಟಿನದು 8.4, ಪಿಸ್ಟನ್ನಿನ ವಾಲ್ವ್ ಗುಳಿ 5. ಒಟ್ಟು 89.4. 350ರಲ್ಲಿ ಪಿಸ್ಟನ್ ನೂಕುವುದು 717 ಸಿಸಿ, ಅನುಪಾತ ಒಂಬತ್ತಕ್ಕೆ ಒಂದು. ಇದೇ ಹೆಡ್, ಇದೇ ಗ್ಯಾಸ್ಕೆಟ್ ಇಟ್ಟು ಸ್ಟ್ರೋಕರ್ ಮಾಡಿದರೆ ನೂಕುವುದು 784 ಸಿಸಿ, ಅನುಪಾತ ಏನೂ ಮಾಡದೆಯೇ 9.8ಕ್ಕೆ ಏರಿತು. ಇನ್ನು 64 ಸಿಸಿಯ ಹೆಡ್ ಹಾಕಿದರೆ 11 ದಾಟುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ, ನಲವತ್ತೆರಡು ನಲವತ್ಮೂರು ಡಿಗ್ರಿಯಲ್ಲಿ, ಸಾದಾ ಪೆಟ್ರೋಲ್ ಹಾಕಿ 11 ಓಡಿಸಿದರೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು ಬರುತ್ತದೆ, ಅದೇ ನಾಕಿಂಗ್. ಆಮೇಲೆ ಪಿಸ್ಟನ್ನಿಗೆ ತೂತು.

ನಾವು 76 ಸಿಸಿಯ ಬೀಡಿನ ಹೆಡ್ಡನ್ನೇ ಇಟ್ಟು, 12 ಸಿಸಿ ತಗ್ಗು ಇರುವ ಪಿಸ್ಟನ್ ಹಾಕಿದೆವು. 9.1 ಬಂತು. ಅದರ ಜೊತೆ ಬ್ಲಾಕಿನ ಮೇಲ್ಮೈಯನ್ನು 25 ಥೌ ಸವರಿಸಿ ಪಿಸ್ಟನ್ ಸರಿಯಾಗಿ ಅಂಚಿನವರೆಗೆ ಬರುವಂತೆ ಮಾಡಿದೆವು. ಪಿಸ್ಟನ್ನಿಗೂ ಹೆಡ್ಡಿನ ಚಪ್ಪಟೆ ಭಾಗಕ್ಕೂ 40 ಥೌ ಆಸುಪಾಸು ಸಂದು ಉಳಿದರೆ ಗಾಳಿ ಪೆಟ್ರೋಲ್ ಚೆನ್ನಾಗಿ ಕಲೆತು ನಾಕಿಂಗ್ ಕಡಿಮೆ ಆಗುತ್ತದೆ. ಸಂದು ಹೆಚ್ಚು ಬಿಟ್ಟರೆ ಸುರಕ್ಷಿತ ಅಂದುಕೊಳ್ಳುವವರೇ ಹೆಚ್ಚು, ಅದು ಉಲ್ಟಾ.

ಇಪ್ಪತ್ತು ಪರ್ಸೆಂಟ್ ಎಥೆನಾಲ್ ಬಂದ ಮೇಲೆ ಇನ್ನೆರಡು ಕೆಲಸ ಕೂಡಿವೆ. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಎಲ್ಲ ಎಥೆನಾಲ್ ತಡೆಯುವಂಥವನ್ನೇ ಹಾಕಿ. ಕಾರ್ಬೊರೇಟರಿನ ಜೆಟ್ಟನ್ನು ಸ್ವಲ್ಪ ದೊಡ್ಡದು ಮಾಡಿ, ಯಾಕೆಂದರೆ ಬರೀ ಪೆಟ್ರೋಲಿಗೆ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕಾದರೆ ಇದಕ್ಕೆ ಹದಿಮೂರೂವರೆಯಷ್ಟು ಸಾಕು. ಹಳೆಯ ಜೆಟ್ಟಿನಲ್ಲಿ ಓಡಿಸಿದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಕಾಯುತ್ತದೆ.

ಕಾಯ್ದು ಕುದಿಯಲ್ಲೇನ್ರಿ ಇಷ್ಟು ಬಿಸಿಲಾಗ?

ಕುದಿಯುತ್ತದೆ, ಬಿಟ್ಟರೆ. ಮೂಲ ರೇಡಿಯೇಟರ್ ಮೂರೂವರೆ ಲೀಟರ್ ಎಂಜಿನ್ನಿಗೆ ಮಾಡಿದ್ದು. ನಾಲ್ಕು ಸಾಲಿನ ಕೋರ್ ಹಾಕಿಸಿ, ಫ್ಯಾನಿನ ಸುತ್ತ ತಗಡಿನ ಬಾಯಿ ಕಟ್ಟಿದೆವು. ತಗಡಿನ ಬಾಯಿ ಇಲ್ಲದ ಫ್ಯಾನ್ ನಿಂತ ಗಾಡಿಯಲ್ಲಿ ತನ್ನ ಗಾಳಿಯನ್ನು ತಾನೇ ತಿರುಗಿಸುತ್ತದೆ.

ನಮ್ಮ ಕಡೆಯ ಮಿಸ್ತ್ರಿಗಳಿಗೆ ಒಂದು ಚಟ ಇದೆ, ಬೇಸಿಗೆ ಬಂದರೆ ಥರ್ಮೋಸ್ಟಾಟ್ ಕಿತ್ತು ಬಿಸಾಕುವುದು. ನನ್ನ ಗುರುಗಳೂ ಅದನ್ನೇ ಮಾಡುತ್ತಿದ್ದರು, ಅವರ ಮೇಲಿನ ಗೌರವಕ್ಕೆ ಕಡಿಮೆ ಇಲ್ಲ. ಆದರೆ 82 ಡಿಗ್ರಿಯದೊಂದು ಇರಲೇಬೇಕು. ಇಲ್ಲದಿದ್ದರೆ ಚಳಿಗಾಲದ ಬೆಳಿಗ್ಗೆ ಎಂಜಿನ್ ಬಿಸಿಯಾಗುವುದೇ ಇಲ್ಲ, ಪೆಟ್ರೋಲ್ ಗೋಡೆಯ ಮೇಲಿನ ಎಣ್ಣೆ ತೊಳೆದು ರಿಂಗ್ ತಿನ್ನುತ್ತದೆ.

ಬೋರಿನ ನೀರು ಹಾಕಬೇಡಿ. ಶಹಾಬಾದ್ ಕಲ್ಲಿನ ನೆಲದ ನೀರು ನಮ್ಮದು, ಎಲ್ಲ ಸುಣ್ಣ. ಮನೆಯ ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಪೊರೆ ನೋಡಿದ್ದೀರಲ್ಲ, ಅದೇ ಎಂಜಿನ್ ಒಳಗೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು, ಜೊತೆಗೆ ಕೂಲಂಟ್.

ದೊಡ್ಡ ಕಾರ್ಬೊರೇಟರ್ ಹಾಕಿದ್ರ ಇನ್ನೂ ಜೋರ್ ಓಡ್ತದಲ್ಲ?

ಇಲ್ಲ. 383ನ್ನು 5500ರಿಂದ ಗುಣಿಸಿ 3456ರಿಂದ ಭಾಗಿಸಿದರೆ ನಿಮಿಷಕ್ಕೆ 610 ಘನ ಅಡಿ ಗಾಳಿ. ಎಂಜಿನ್ ಪೂರ್ತಿ ಉಸಿರು ಎಳೆಯುವುದಿಲ್ಲ, ನೂರಕ್ಕೆ 85 ಹಿಡಿದರೆ 520ರ ಹತ್ತಿರ. 600ರದ್ದು ಧಾರಾಳ. 750ರದ್ದು ಹಾಕಿದರೆ ಕೆಳಗಿನ ಆರ್‌ಪಿಎಂನಲ್ಲಿ ಗಾಳಿಗೆ ವೇಗ ಇರದೆ ಗಾಡಿ ಗುಡುಗುಟ್ಟುತ್ತದೆ.

ಏರ್ ಫಿಲ್ಟರ್ ಮಾತ್ರ ದೊಡ್ಡದು ಹಾಕಿ. ಪುಷ್ಯ ಮಾಸದಲ್ಲಿ ತೊಗರಿ ರಾಶಿ ಮಾಡುವ ಹೊತ್ತಿಗೆ ಕಪ್ಪು ಮಣ್ಣಿನ ಧೂಳು, ವಾಡಿ ಮಳಖೇಡ ಕಡೆ ಹೋದರೆ ಸಿಮೆಂಟಿನ ಧೂಳು. ನಮ್ಮಲ್ಲಿ ಒಂದು ರಾಶಿ ಸುಗ್ಗಿಗೆ ಫಿಲ್ಟರ್ ಎರಡು ಸಲ ಬದಲಾಯಿತು. ಬರೀ ಹೊಳೆಯುವ ಜಾಲರಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರು ಇದ್ದಾರೆ, ಅವರ ಗಾಡಿಯ ರಿಂಗ್ ಕೆಲಸ ನನಗೇ ಬರುತ್ತದೆ.

ಎಷ್ಟ್ ಹಾರ್ಸ್‌ಪವರ್ ಬಂತು?

ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಹಾಕಿಲ್ಲ, ಹಾಗಾಗಿ ನಂಬರ್ ಹೊಡೆಯುವುದಿಲ್ಲ. ಕಾರ್ಖಾನೆಯಿಂದ 70ರ ದಶಕದ ಕೊನೆಯಲ್ಲಿ ಬಂದ ಪಿಕಪ್ಪಿನ 350ಕ್ಕೆ 165 ಹಾರ್ಸ್‌ಪವರ್ ಅಂತ ಬರೆಯುತ್ತಿದ್ದರು. 1972ಕ್ಕಿಂತ ಹಿಂದಿನ ಅಮೆರಿಕದ ಅಂಕಿಗಳು ಫ್ಯಾನ್, ಸೈಲೆನ್ಸರ್ ಏನೂ ಇಲ್ಲದೆ ಅಳೆದವು, ಅವನ್ನು ಇವಕ್ಕೆ ಹೋಲಿಸಬೇಡಿ. ನಮ್ಮ ಗಾಡಿಯ ಪರೀಕ್ಷೆ ಬೇರೆ: ಮಳೆ ಬಿದ್ದ ಮರುದಿನ ಎರೆ ಮಣ್ಣಿನಲ್ಲಿ ಹೂತ ಟ್ರ್ಯಾಕ್ಟರಿನ ಟ್ರೇಲರನ್ನು ಎರಡನೇ ಗೇರಿನಲ್ಲಿ ಕಿತ್ತು ತಂತು.

ಗೇರ್‌ಬಾಕ್ಸ್ ತಡೀತದಾ?

ಮೂಲ ಮೂರು ಗೇರಿನದು ತಡೆಯಲಿಲ್ಲ, ಬದಲಿಸಿದೆವು. 1954ರವರೆಗಿನ ಅರ್ಧ ಟನ್ನಿನ ಷೆವರ್ಲೆಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ಮುಚ್ಚಿದ ಕೊಳವೆಯೊಳಗೆ ಇರುತ್ತದೆ, ಹಾಗಾಗಿ ಗೇರ್‌ಬಾಕ್ಸ್ ಬದಲಿಸಿದರೆ ಹಿಂದಿನ ಹೌಸಿಂಗೂ ಬದಲಾಗುತ್ತದೆ. ಕರೆಂಟು 6 ವೋಲ್ಟಿನದು, 12 ಮಾಡಬೇಕು. ಬ್ರೇಕ್ ನಾಲ್ಕೂ ಡ್ರಮ್ಮು. ನನ್ನ ಮಾತು ಕೇಳುವುದಾದರೆ ಎಂಜಿನ್ನಿಗೂ ಮುಂಚೆ ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಿ. ಸಾಹುಕಾರರು ಇದಕ್ಕೆ ಒಪ್ಪಲು ಎರಡು ತಿಂಗಳು ತೆಗೆದುಕೊಂಡರು.

ಖರ್ಚು?

ಕಿಟ್ಟಿನ ದರ ನೋಡಿ ಹೊರಡಬೇಡಿ. ಕಸ್ಟಮ್ಸ್, ಸಾಗಣೆ, ಮಷಿನ್ ಕೆಲಸ, ಗೇರ್‌ಬಾಕ್ಸ್, ಬ್ರೇಕ್ ಸೇರಿ ನಮ್ಮಲ್ಲಿ ಕಿಟ್ಟಿಗೆ ಒಂದು ರೂಪಾಯಿ ಹೋದರೆ ಉಳಿದದ್ದಕ್ಕೆ ಮೂರು ಹೋಯಿತು. ಆ ದುಡ್ಡಿನಲ್ಲಿ ಹೊಸ ಪಿಕಪ್ ಬರುತ್ತಿತ್ತು. ಇದನ್ನು ಸಾಹುಕಾರರ ಮನೆಯವರ ಮುಂದೆ ಹೇಳಬೇಡಿ ಅಂತ ಅವರು ಹೇಳಿದ್ದಾರೆ.

ಮೊದಲ್ನೇ ಸಲ ಚಾಲೂ ಮಾಡೋದು ಹ್ಯಾಂಗ?

ಊರೆಲ್ಲ ಕರೆದು ತೆಂಗಿನಕಾಯಿ ಒಡೆಯಿರಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಅದಕ್ಕೂ ಮೊದಲು ಡಿಸ್ಟ್ರಿಬ್ಯೂಟರ್ ತೆಗೆದು, ಉದ್ದನೆಯ ಸರಳನ್ನು ಡ್ರಿಲ್ಲಿಗೆ ಸಿಕ್ಕಿಸಿ ಎಣ್ಣೆ ಪಂಪನ್ನು ತಿರುಗಿಸಿ. ಮೇಲಿನ ಹದಿನಾರೂ ರಾಕರಿನಲ್ಲಿ ಎಣ್ಣೆ ಕಾಣುವವರೆಗೆ ಬಿಡಬೇಡಿ. ಪ್ಲಗ್ಗಿನ ವೈರುಗಳು 1-8-4-3-6-5-7-2ರ ಸಾಲಿನಲ್ಲೇ ಇವೆಯೇ ಅಂತ ಇನ್ನೊಬ್ಬರ ಕೈಯಲ್ಲಿ ನೋಡಿಸಿ, ಹಾಕಿದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲ.

ಚಪ್ಪಟೆ ಟ್ಯಾಪೆಟ್ಟಿನ ಕ್ಯಾಮ್ ಇದ್ದರೆ ಚಾಲೂ ಆದ ಕೂಡಲೇ 2000ದಿಂದ 2500 ಆರ್‌ಪಿಎಂಗೆ ಏರಿಸಿ ಇಪ್ಪತ್ತು ನಿಮಿಷ ಅಲ್ಲೇ ಇಡಬೇಕು. ಸ್ಲೋದಲ್ಲಿ ಬಿಡಬಾರದು. ಕ್ಯಾಮಿಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚಿದರೆ ಮಾತ್ರ. ಸತು ಹೆಚ್ಚಿರುವ ಎಣ್ಣೆಯೇ ಬೇಕು. ಆ ಇಪ್ಪತ್ತು ನಿಮಿಷ ಒಬ್ಬರ ಕಣ್ಣು ಎಣ್ಣೆ ಗೇಜಿನ ಮೇಲೆ, ಒಬ್ಬರದು ನೀರಿನ ಗೇಜಿನ ಮೇಲೆ. ಬಿಸಿಯಾದ ಮೇಲೂ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಲೆಕ್ಕದಲ್ಲಿ ಒತ್ತಡ ಇದ್ದರೆ ಸರಿ. ನಾವು ಮುಂಜಾನೆ ಆರಕ್ಕೇ ಚಾಲೂ ಮಾಡಿದೆವು, ಬಿಸಿಲು ಏರುವ ಮೊದಲು. ಪಕ್ಕದ ದಾಲ್ ಮಿಲ್ಲಿನ ವಾಚ್‌ಮನ್ ಬಾಯ್ಲರ್ ಒಡೆಯಿತೆಂದು ಓಡಿ ಬಂದರು.

ಮೊದಲ ಎಣ್ಣಿ ಯಾವಾಗ ಬದಲಿಸೋದು?

ಆ ಇಪ್ಪತ್ತು ನಿಮಿಷ ಮುಗಿದ ದಿನವೇ. ಎಣ್ಣೆ ಬಿಸಾಕಿ, ಫಿಲ್ಟರ್ ಬಿಸಾಕಬೇಡಿ. ಡಬ್ಬಿಯನ್ನು ಹ್ಯಾಕ್ಸಾದಲ್ಲಿ ಕೊಯ್ಯಬೇಡಿ, ಅದರ ಪುಡಿ ಒಳಗೆ ಬಿದ್ದು ನಿಮ್ಮನ್ನೇ ಹೆದರಿಸುತ್ತದೆ. ತಗಡು ಕತ್ತರಿಯಲ್ಲಿ ಬಿಚ್ಚಿ, ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಬಿಸಿಲಿಗೆ ಹಿಡಿದು ನೋಡಿ. ಬೂದು ಬಣ್ಣದ ನುಣ್ಣನೆ ಪುಡಿ ಇದ್ದರೆ ರಿಂಗ್ ಕೂರುತ್ತಿದೆ, ಚಿಂತೆಯಿಲ್ಲ. ಅಯಸ್ಕಾಂತಕ್ಕೆ ಅಂಟುವ ಸೂಜಿಯಂಥ ಚೂರುಗಳು ಕಂಡರೆ ಕ್ಯಾಮ್ ಹೋಗುತ್ತಿದೆ. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಗಿನದು ಬರುತ್ತಿದೆ, ಆಗ ಎಷ್ಟೇ ಬೇಜಾರಾದರೂ ಎಣ್ಣೆ ಚೇಂಬರ್ ಬಿಚ್ಚಿ. ನಮ್ಮದರಲ್ಲಿ ಬೂದು ಪುಡಿ, ಮತ್ತು ಒಂದು ಹಸಿರು ಬಣ್ಣದ ಕ್ಲೇ ಚೂರು ಸಿಕ್ಕಿತು.